ಸ್ಥಳೀಯ ಕಾರಣ

ಹಾಲು ಉಕ್ಕಿದ್ದೂ ಬಡವನಹಳ್ಳಿಯ ಸರ್ವರ್ ಮಾತು ನಿಲ್ಲಿಸಿದ್ದೂ ಒಂದೇ ಗಳಿಗೆಯಲ್ಲಿ. ಎರಡಕ್ಕೂ ನರಸಿಂಹರಾಜುವೇ ಕಾರಣ. ಎರಡನ್ನೂ ಅವನು ಇನ್ನೂ ಒಪ್ಪಿಕೊಂಡಿರಲಿಲ್ಲ. ಮಧುಗಿರಿಯಿಂದ ಶಿರಾ ಕಡೆಗೆ ಹೊರಟ ಖಾಸಗಿ ಬಸ್ಸಿನ ಕಿಟಕಿ ಪಕ್ಕ ಕೂತು, ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಗಿನ ಎಂಟು ಗಂಟೆ ಇಪ್ಪತ್ತು ನಿಮಿಷವನ್ನು ಅವನು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರನ್ನು ನಾಲಗೆಯಿಂದ ಮುಟ್ಟಿ ಮುಟ್ಟಿ ನೋಡುವ ಹಾಗೆ ನೋಡುತ್ತಿದ್ದ. ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು, ಒಲೆಯ ಮೇಲೆ ಹಾಲು. ‘ಹಾಲು ನೋಡ್ಕಳ್ರೀ, ತಲೆಗೆ ನೀರಾಕ್ಕೊಂಡ್ ಬತ್ತೀನಿ’ ಎಂದು ಹೆಂಡತಿ ರಾಧಾಮಣಿ ಬಚ್ಚಲಿಗೆ ಹೋಗಿದ್ದಳು. ಹತ್ತು ದಿನದಿಂದ ಯಾವುದೋ ಕಾಣದ ದೇಶದವನೊಬ್ಬ ಬಡವನಹಳ್ಳಿಯ ಸರ್ವರಿನ ಬಾಗಿಲನ್ನು ನಾಲ್ಕು ಸೆಕೆಂಡಿಗೊಮ್ಮೆ ತಟ್ಟುತ್ತಿದ್ದ. ಹುಣಸೆಹಣ್ಣಿನ ಮೂಟೆಗಳ ಲೆಕ್ಕ ಬಿಟ್ಟರೆ ಒಳಗೆ ಇನ್ನೇನೂ ಇಲ್ಲದ ಆ ಪೆಟ್ಟಿಗೆಗೆ ಹೊರದೇಶದ ಕಳ್ಳನೊಬ್ಬ ಇಷ್ಟು ಕಷ್ಟಪಡುತ್ತಿದ್ದಾನಲ್ಲ ಎಂದು ನರಸಿಂಹರಾಜುವಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಇವತ್ತು ಅವನನ್ನು ತಡೆದೇ ಬಿಡೋಣವೆಂದು, ಮನೆಯಲ್ಲೇ ಕೂತು ಆ ದೂರದ ಯಂತ್ರದೊಳಗೆ ಹೊಕ್ಕು, ಕಾವಲಿನ ನಿಯಮವೊಂದನ್ನು ಬರೆದ: ಯಾರನ್ನೂ ಒಳಗೆ ಬಿಡಬೇಡ. ‘ನನ್ನನ್ನೂ ಸಂಘದವರನ್ನೂ ಬಿಡು’ ಎನ್ನುವ ಸಾಲು ಇದಕ್ಕೂ ಮೊದಲು ಇರಬೇಕಿತ್ತು. ಹೋದ ತಿಂಗಳು ಕೊರಟಗೆರೆಯಲ್ಲಿ ಹನ್ನೆರಡು ಜನರಿಗೆ ತರಬೇತಿ ಕೊಡುವಾಗ ಅವನೇ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ, ಮೊದಲು ನಿಮ್ಮನ್ನು ಒಳಗೆ ಬಿಟ್ಟುಕೊಳ್ಳಿ, ಆಮೇಲೆ ಬಾಗಿಲು ಹಾಕಿ ಎಂದು. ಆದರೆ ಹಾಲು ಮೇಲಕ್ಕೆ ಬರುತ್ತಿತ್ತು. ಒಂದು ಕೈ ಒಲೆಯ ತಿರುಪಿಗೆ ಹೋಯಿತು, ಇನ್ನೊಂದು ಕೈ ಎಂಟರ್ ಒತ್ತಿತು. ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿಯಿತು, ಪರದೆಯ ಮೇಲೆ ಮಿಣುಕುತ್ತಿದ್ದ ಗೆರೆ ನಿಂತಿತು. ಕಳ್ಳನ ಜೊತೆಗೆ ಅವನೂ ಹೊರಗೆ ಬಿದ್ದಿದ್ದ.

‘ಏನ್ರೀ ಇದು?’ ಎಂದು ರಾಧಾಮಣಿ ಒದ್ದೆ ತಲೆಯಲ್ಲಿ ಬಂದು ನಿಂತಾಗ, ‘ಒಲೆ ತಾನಾಗೇ ಜೋರಾಯ್ತು’ ಎಂದಿದ್ದ. ತಾನಾಗೇ. ಐವತ್ತರ ಹತ್ತಿರ ಬಂದ ಗಂಡಸು, ಹುಣಸೆ ಬೆಳೆಗಾರರ ಸಂಘದ ನಾಲ್ಕು ತಾಲ್ಲೂಕಿನ ಕಂಪ್ಯೂಟರುಗಳನ್ನು ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ನೋಡಿಕೊಂಡು ಬಂದವನು, ಗ್ಯಾಸ್ ಒಲೆಯ ಮೇಲೆ ದೂರು ಹೇಳಿದ್ದ. ಐದು ನಿಮಿಷದಲ್ಲಿ ಬಡವನಹಳ್ಳಿಯಿಂದ ದೂರು ಬಂತು: ಸರ್ವರ್ ಸಿಗುತ್ತಿಲ್ಲ, ಗೇಟ್ ಚೀಟಿ ಬರುತ್ತಿಲ್ಲ, ಶೀತಲಗೃಹದಿಂದ ಮೂಟೆ ಹೊರಗೆ ಬಿಡಲಾಗುತ್ತಿಲ್ಲ. ದೂರಿನ ಪುಸ್ತಕ ಈಗ ಫೋನಿನಲ್ಲೇ ಇದೆ; ಅದರಲ್ಲಿ ‘ಕಾರಣ’ ಎನ್ನುವ ಖಾನೆಯನ್ನು ತುಂಬದಿದ್ದರೆ ಅದು ಮುಂದಕ್ಕೆ ಹೋಗುವುದಿಲ್ಲ. ಅವನು ‘ಸ್ಥಳೀಯ ಕಾರಣ’ ಎಂದು ಬರೆದ. ಹನ್ನೊಂದು ವರ್ಷದಲ್ಲಿ ನೂರಾರು ಸಲ ಬರೆದ ಎರಡು ಪದ. ಇಲಿ ತಂತಿ ಕಡಿದಾಗ, ಟ್ರ್ಯಾಕ್ಟರಿನ ನೇಗಿಲಿಗೆ ಕೇಬಲ್ ಸಿಕ್ಕಾಗ, ಸಿಡಿಲು ಬಡಿದಾಗ ಎಲ್ಲ ಅದೇ. ಅದರಿಂದ ಇಲಿಗೂ ಏನೂ ಆಗಿರಲಿಲ್ಲ, ಸಿಡಿಲಿಗೂ ಆಗಿರಲಿಲ್ಲ. ಗುತ್ತಿಗೆ ಈ ತಿಂಗಳ ಕೊನೆಗೆ ನವೀಕರಣವಾಗಬೇಕು; ಹೋಗಿ ಒಂದು ಸಾಲು ಅಳಿಸಿ, ತಂತಿ ಸಡಿಲವಾಗಿತ್ತು ಎಂದು ಹೇಳಿ, ಊಟದ ಹೊತ್ತಿಗೆ ವಾಪಸು ಬರಬಹುದು. ಇಷ್ಟು ಲೆಕ್ಕ ಹಾಕಿ ಸ್ವಲ್ಪ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದ, ಅಷ್ಟರಲ್ಲಿ ಬಡವನಹಳ್ಳಿ ಶಾಖೆಯ ಮೇನೇಜರ್ ಚನ್ನಮಲ್ಲಯ್ಯನವರ ಫೋನು.

‘ಸಾರ್, ನೀವು ಬರೆದಿದ್ದು ನೋಡ್ದೆ. ಸ್ಥಳೀಯ ಕಾರಣ ಅಂತ. ಹುಡುಕುದ್ವಿ. ಸಿಕ್ಬುಡ್ತು.’

‘ಏನು ಸಿಕ್ತು?’

‘ಕಾರಣ. ನಮ್ಮ ಕಸ ಗುಡ್ಸೋ ಚಿಕ್ಕಹನುಮಕ್ಕ. ಬೆಳಿಗ್ಗೆ ಒದ್ದೆಬಟ್ಟೆಲಿ ಮಿಷಿನ್ ಒರ್ಸವ್ಳೆ. ಮೊದ್ಲು ಇಲ್ಲ ಅಂದ್ಳು, ಆಮೇಲೆ ಒಪ್ಕಂಡ್ಳು. ನೀವು ಆರಾಮಾಗ್ ಬನ್ನಿ.’

ಅವನು ‘ಸರಿ’ ಎಂದ. ಬೇರೆ ಏನೋ ಹೇಳಬೇಕಿತ್ತು, ಆದರೆ ಬಾಯಿ ತಾನಾಗೇ ‘ಸರಿ’ ಎಂದಿತು. ಒಪ್ಪಿಕೊಂಡಳೇ? ಏನನ್ನು ಒಪ್ಪಿಕೊಂಡಳು? ಒದ್ದೆಬಟ್ಟೆಯಿಂದ ಒರೆಸಿದರೆ ಕಾವಲಿನ ನಿಯಮ ಬದಲಾಗುವುದಿಲ್ಲ. ಬಕೆಟ್ಟುಗಟ್ಟಲೆ ನೀರು ಸುರಿದಿದ್ದರೂ ಯಂತ್ರ ಸಾಯುತ್ತಿತ್ತೇ ಹೊರತು ಹೀಗೆ ಬದುಕಿದ್ದುಕೊಂಡೇ ಎಲ್ಲರಿಗೂ ಬೆನ್ನು ತಿರುಗಿಸಿ ಕೂರುತ್ತಿರಲಿಲ್ಲ. ಇದು ಗೊತ್ತಿದ್ದವನು ಇಡೀ ಪ್ರಪಂಚದಲ್ಲಿ ಅವನೊಬ್ಬನೇ, ಅವನು ಬಸ್ಸಿನಲ್ಲಿದ್ದ, ಬಸ್ಸು ಯಾರೋ ಇಳಿಯುವವರಿಗಾಗಿ ಹೊಲದ ನಡುವೆ ನಿಂತಿತ್ತು. ಅವ್ವ ಪುರವರದ ಹಾಸ್ಟೆಲಿನಲ್ಲಿ ಕಸ ಗುಡಿಸುತ್ತಿದ್ದಾಗ ಬಲ್ಬು ಸುಟ್ಟರೂ ಅವ್ವನನ್ನೇ ಕರೆಯುತ್ತಿದ್ದರು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂದು ನಿಂತು, ಏನಾಗಿದೆಯೆಂದು ಕೇಳುವ ಮುಂಚೆಯೇ ‘ತೆಪ್ಪಾಗೋಯ್ತು ಸಾಮಿ’ ಎನ್ನುತ್ತಿದ್ದಳು. ನಿನ್ನ ತಪ್ಪಲ್ಲವಲ್ಲ ಎಂದು ಇವನು ರೇಗಿದರೆ, ‘ಮಾತು ತಾನೇ, ಅಂದ್ರೆ ಏನ್ ಸವೀತದೆ’ ಎಂದು ನಗುತ್ತಿದ್ದಳು.

ಸಂಘದ ಅಂಗಳದಲ್ಲಿ ಆರು ಟ್ರ್ಯಾಕ್ಟರು ನಿಂತಿದ್ದವು. ಶೀತಲಗೃಹದ ಕಬ್ಬಿಣದ ಬಾಗಿಲಿನ ಮುಂದೆ ಜನ ಟವೆಲು ಹಾಸಿ ಕೂತಿದ್ದರು, ಅವರ ಮೂಟೆ ಒಳಗೆ ತಣ್ಣಗಿತ್ತು, ಅವರು ಹೊರಗೆ ಬೇಯುತ್ತಿದ್ದರು. ದೊಡ್ಡಹನುಮಯ್ಯ ಎಂಬ ಮುದುಕ ಗೇಟಿನ ಕಿಟಕಿಗೆ ಅಂಟಿಕೊಂಡು, ಒಳಗಿದ್ದವನಿಗೆ ‘ಇನ್ನೊಂದ್ ಸಲ ಒತ್ತು ಮಗ, ಬಂದಾತು’ ಎನ್ನುತ್ತಿದ್ದ. ಒಳಗಿದ್ದವನು ಅವನದೇ ಚೀಟಿಯನ್ನು ಇನ್ನೊಂದು ಸಲ ಒತ್ತುತ್ತಿದ್ದ. ಕಚೇರಿಯ ಮೆಟ್ಟಿಲ ಪಕ್ಕ, ನೆರಳಿನಿಂದ ಒಂದು ಮೊಳ ಆಚೆ, ಬಿಸಿಲಿನಲ್ಲಿ ಚಿಕ್ಕಹನುಮಕ್ಕ ಕೂತಿದ್ದಳು. ಒಳಗೆ ಬರಬೇಡ ಎಂದಿದ್ದರಂತೆ. ನೆರಳಿಗೆ ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ನೆರಳು ಮಾತ್ರ ತಾನಾಗಿ ಸರಿದು ಹೋಗಿತ್ತು. ಅವಳ ಪಕ್ಕ ಪೊರಕೆ, ಪೇಪರ್ ಲೋಟ. ಅವನನ್ನು ಕಂಡು ಎದ್ದು ನಿಂತಳು.

‘ಬಂದ್ರಾ ಸಾಮಿ. ತೆಪ್ಪಾಗೋಯ್ತು ಕಣ್ ಸಾಮಿ.’

‘ಪರವಾಗಿಲ್ಲ ಬಿಡಮ್ಮ’ ಎಂದ ನರಸಿಂಹರಾಜು.

ಮೆಟ್ಟಿಲು ಹತ್ತಿ ಎರಡು ಹೆಜ್ಜೆ ಹೋದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಅರ್ಥವಾಯಿತು. ಅವನು ಅವಳನ್ನು ಕ್ಷಮಿಸಿದ್ದ. ತನ್ನ ತಪ್ಪಿಗೆ ಅವಳನ್ನು, ದೊಡ್ಡ ಮನಸ್ಸು ಮಾಡಿ, ನಡೆಯುತ್ತಾ ನಡೆಯುತ್ತಾ ಕ್ಷಮಿಸಿ ಒಳಗೆ ಬಂದಿದ್ದ. ಹಿಂದಿರುಗಿ ಹೋಗಿ ಕ್ಷಮೆಯನ್ನು ವಾಪಸು ಪಡೆಯುವುದು ಹೇಗೆಂದು ಯೋಚಿಸುತ್ತಿರುವಾಗಲೇ ಚನ್ನಮಲ್ಲಯ್ಯನವರು ಬಂದು ಕೈ ಹಿಡಿದುಕೊಂಡು ಕುರ್ಚಿಯಲ್ಲಿ ಕೂರಿಸಿದರು. ಹಣೆಯ ತುಂಬ ವಿಭೂತಿ, ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಗುಮಾಸ್ತ ಹಾಲೇಶ್ ಟೀ ತಂದ. ಅವರಿಬ್ಬರಿಗೂ ಸ್ಟೀಲ್ ಲೋಟ, ನರಸಿಂಹರಾಜುವಿಗೆ ಪೇಪರ್ ಲೋಟ. ‘ನಿಮಗೆ ಸ್ವಚ್ಛವಾಗಿರಲಿ ಅಂತ ಸಾರ್’ ಎಂದು ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದರು, ಹನ್ನೊಂದು ವರ್ಷದಿಂದ ಅವನು ‘ಥ್ಯಾಂಕ್ಸ್’ ಎಂದುಕೊಂಡು ಬಂದಿದ್ದ. ಇವತ್ತು ಕಿಟಕಿಯಿಂದ ಹೊರಗಿನ ಇನ್ನೊಂದು ಪೇಪರ್ ಲೋಟ ಕಾಣುತ್ತಿತ್ತು. ಒಂದೇ ಕಟ್ಟಿನವು, ಅದೇ ನೀಲಿ ಹೂವಿನ ಅಂಚು. ಅವನು ಲೋಟವನ್ನು ಮೇಜಿನ ಮೇಲಿಟ್ಟ.

ಮೇಜಿನ ಮೇಲೆ ಹಾಲೇಶನ ದುಂಡನೆಯ ಅಕ್ಷರದಲ್ಲಿ ಒಂದು ಪತ್ರ ಸಿದ್ಧವಾಗಿತ್ತು. ‘ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿರುವ ನಾನು ನನ್ನ ಅಜಾಗರೂಕತೆಯಿಂದ ಸರ್ವರಿಗೆ ನೋವುಂಟುಮಾಡಿರುತ್ತೇನೆ. ಆದ್ದರಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತೇನೆ.’ ಕೆಳಗೆ ಹೆಬ್ಬೆಟ್ಟಿಗೆ ಜಾಗ, ಜಾಗದ ಪಕ್ಕ ಶಾಯಿಯ ಡಬ್ಬಿ, ಮುಚ್ಚಳ ತೆಗೆದೇ ಇತ್ತು. ‘ನೀವು ಒಂದ್ ಸಲ ನೋಡ್ಬುಟ್ಟು, ಹೌದು ಅಂದ್ರೆ ಒತ್ತಿಸ್ಬುಡ್ತೀವಿ’ ಎಂದರು ಚನ್ನಮಲ್ಲಯ್ಯ.

ಅವನು ಯಂತ್ರದ ಮುಂದೆ ಕೂತ. ಗೋಡೆಗೂ ಕಿಟಕಿಗೂ ನಡುವಿನ ಮೇಜಿನ ಮೇಲೆ ಆ ಹಳೆಯ ಕಪ್ಪು ಪೆಟ್ಟಿಗೆ. ಅದರ ಹಣೆಗೂ ಮೂರು ಗೆರೆ ವಿಭೂತಿ. ಪಕ್ಕದಲ್ಲಿ, ಕಿಟಕಿಯ ಕಡೆ, ಚೀಟಿ ಮುದ್ರಿಸುವ ಹಳೇ ಪ್ರಿಂಟರು. ಪೆಟ್ಟಿಗೆ ಗಡಗಡ ಅನ್ನದಿರಲೆಂದು ಹಾಲೇಶ್ ಕಿಟಕಿ ಪಕ್ಕದ ಕಾಲುಗಳ ಕೆಳಗೆ ರಟ್ಟು ಮಡಿಚಿ ತುರುಕಿದ್ದರಿಂದ ಅದು ಗೋಡೆಯ ಕಡೆಗೆ ತುಸು ವಾಲಿತ್ತು. ಇಂಥ ಹೊತ್ತಿನಲ್ಲಿ ಮೊದಲು ಮಾಡುವ ಕೆಲಸವೆಂದರೆ ಯಂತ್ರ ತನ್ನನ್ನು ತಾನೇ ಕರೆದುಕೊಳ್ಳುವಂತೆ ಮಾಡುವುದು. ನೀನಿದ್ದೀಯಾ ಎಂದು ಅದು ತನ್ನನ್ನೇ ಕೇಳಿತು, ಇದ್ದೇನೆ ಎಂದು ತಾನೇ ಹೇಳಿತು. ನಾಲ್ಕು ಸಲ ಕೇಳಿತು, ನಾಲ್ಕು ಸಲವೂ ಇದ್ದೇನೆ ಎಂದಿತು. ಎಂಥ ಆತ್ಮವಿಶ್ವಾಸ. ಆಮೇಲೆ ಪಕ್ಕದ ಕೋಣೆಯ ಗೇಟಿನ ಕಂಪ್ಯೂಟರನ್ನು ಕರೆಯಿತು, ಉತ್ತರವಿಲ್ಲ. ಮಧುಗಿರಿಯನ್ನು ಕರೆಯಿತು; ಉತ್ತರವಿಲ್ಲ. ತಂತಿ ಸರಿಯಿತ್ತು, ದೀಪ ಹಸಿರಾಗಿತ್ತು. ಕಾವಲಿನ ನಿಯಮಗಳ ಪಟ್ಟಿ ತೆಗೆದ. ಎಲ್ಲಕ್ಕಿಂತ ಮೇಲೆ ಅವನದೇ ಸಾಲು ಕೂತಿತ್ತು, ಯಾರನ್ನೂ ಒಳಗೆ ಬಿಡಬೇಡ. ಯಂತ್ರ ತಾನೇ ಬರೆದಿಡುವ ದಿನಚರಿಯಲ್ಲಿ ಅವನದೇ ಹೆಸರು, ಎಂಟು ಇಪ್ಪತ್ತು. ಅದನ್ನು ಅಳಿಸುವ ಆಜ್ಞೆಯನ್ನು ಟೈಪು ಮಾಡಿದ. ಎಂಟರ್ ಒಂದೇ ಬಾಕಿ. ಬೆರಳು ಅಲ್ಲೇ ನಿಂತಿತು. ಸರಿಹೋಯಿತು ಎಂದರೆ, ಏನಾಗಿತ್ತು ಎಂದು ಕೇಳುತ್ತಾರೆ. ಒದ್ದೆಬಟ್ಟೆ ತಾನೇ ಎಂದು ಅವರೇ ಉತ್ತರವನ್ನೂ ಹೇಳುತ್ತಾರೆ. ಇವನು ತಲೆ ಅಲ್ಲಾಡಿಸಿದರೂ ಸಾಕು, ಅಲ್ಲಾಡಿಸದಿದ್ದರೂ ಸಾಕು.

ಅವನ ಬೆರಳು ಹಾಗೆ ತಡವರಿಸಿದ್ದನ್ನು ಚನ್ನಮಲ್ಲಯ್ಯನವರು ನೋಡಿದರು. ಅವರಿಗೆ ಬೇರೆ ಏನೋ ಅನಿಸಿತು.

‘ನಿಮಗೂ ಅನುಮಾನ ಐತೆ ಅಂತ ಕಾಣ್ತದೆ. ನಂಗೂ ಐತೆ ಸಾರ್. ಬಡವಿ ಹೊಟ್ಟೆ ಮೇಲೆ ಸುಮ್ಮನೆ ಹೊಡಿಬಾರದು. ಹೂವು ಕೇಳ್ಬುಡಾಣ.’

‘ಎಲ್ಲಿ?’

‘ಗುಡಿಗೋಗಿ ಬರೋಕೆ ಹೊತ್ತಿಲ್ಲ, ಜನ ಕಾಯ್ತಾವ್ರೆ. ಇಲ್ಲೇ ಕೇಳಾಣ. ಮೂರು ವರ್ಷದಿಂದ ದಿನಾ ವಿಭೂತಿ ಹಚ್ಚಿದೀವಿ, ಇದಕ್ಕೂ ಅಷ್ಟೋ ಇಷ್ಟೋ ಶಕ್ತಿ ಬಂದಿರ್ತದೆ. ಅದೂ ಅಲ್ಲದೆ ಏಟು ತಿಂದಿರೋದೇ ಇದು. ಯಾರು ಹೊಡೆದ್ರು ಅಂತ ಇದಕ್ಕೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?’

ಈ ಮಾತಿನಲ್ಲಿ ಎಲ್ಲಿ ತಪ್ಪಿದೆಯೆಂದು ನರಸಿಂಹರಾಜು ಹುಡುಕಿದ. ಸಿಗಲಿಲ್ಲ. ನಿಜಕ್ಕೂ ಅದಕ್ಕೆ ಗೊತ್ತಿತ್ತು. ಹಾಲೇಶ್ ಹೊರಗಿನಿಂದ ಒಂದು ಕಣಗಿಲೆ ಹೂವು ತಂದ. ಪೆಟ್ಟಿಗೆಯ ನೆತ್ತಿಯ ಮೇಲೆ ಗಾಳಿ ಬಿಡುವ ಜಾಲರಿಯಿತ್ತು. ಚನ್ನಮಲ್ಲಯ್ಯನವರು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಹೂವನ್ನು ಅದರ ಮೇಲಿಟ್ಟು ಕೈಮುಗಿದರು. ‘ಚಿಕ್ಕಹನುಮಕ್ಕಂದೇ ತಪ್ಪಾಗಿದ್ರೆ ಎಡಕ್ಕೆ ಕೊಡು. ಅಲ್ಲದಿದ್ರೆ ಬಲಕ್ಕೆ ಕೊಡು.’ ಬಲ ಎಂದರೆ ಮಿಷಿನ್ನಿನ ಬಲವೋ ನಮ್ಮ ಬಲವೋ ಎಂದು ಹಾಲೇಶ್ ಕೇಳಿದ. ಮಿಷಿನ್ನಿನ ಮುಖ ಯಾವ ಕಡೆ ಎನ್ನುವುದರ ಮೇಲೆ ಅದು ನಿಂತಿದೆ ಎಂದಾಯಿತು. ಸ್ವಿಚ್ಚಿರುವ ಕಡೆಯೇ ಮುಖವೋ, ತಂತಿಗಳಿರುವ ಕಡೆಯೋ ಎಂದು ಮೂವರೂ ನರಸಿಂಹರಾಜುವಿನ ಕಡೆ ನೋಡಿದರು, ಅಂದರೆ ಅವನೂ ತನ್ನ ಕಡೆಯೇ ನೋಡಿಕೊಂಡ. ಕೊನೆಗೆ ಚನ್ನಮಲ್ಲಯ್ಯನವರೇ ತೀರ್ಮಾನ ಹೇಳಿದರು: ಗೋಡೆ ಕಡೆ ಬಿದ್ದರೆ ಎಡ, ಕಿಟಕಿ ಕಡೆ ಬಿದ್ದರೆ ಬಲ.

ಹೂವು ಅಲ್ಲಾಡಲಿಲ್ಲ. ಯಂತ್ರಕ್ಕೆ ಬೆಳಗಿನಿಂದ ಕೆಲಸವಿರಲಿಲ್ಲ, ಅದರ ಫ್ಯಾನು ನಿದ್ದೆಯಲ್ಲಿದ್ದವರ ಉಸಿರಿನಷ್ಟು ಮೆಲ್ಲಗೆ ತಿರುಗುತ್ತಿತ್ತು. ಎಲ್ಲರೂ ಹೂವನ್ನೇ ನೋಡುತ್ತಾ ಕೂತರು. ನರಸಿಂಹರಾಜು ಪೆಟ್ಟಿಗೆ ವಾಲಿದ್ದ ಕಡೆಯನ್ನು ನೋಡಿದ. ತಾನು ಎಂಟರ್ ಒತ್ತಿದರೆ ಬಾಗಿಲು ತೆರೆಯುತ್ತದೆ. ಬೆಳಗಿನಿಂದ ಗೇಟಿನವನು ಒತ್ತಿ ಒತ್ತಿ ಇಟ್ಟ ಚೀಟಿಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಯಂತ್ರ ಬಿಸಿಯಾಗುತ್ತದೆ, ಫ್ಯಾನು ಬೊಬ್ಬೆ ಹಾಕುತ್ತದೆ, ಹೂವು ಏಳುತ್ತದೆ. ಎದ್ದ ಹೂವು ವಾಲಿದ ಕಡೆಗೇ ಬೀಳುತ್ತದೆ. ಗೋಡೆಯ ಕಡೆಗೆ. ಒಂದು ಮಡಿಚಿದ ರಟ್ಟು ಒಂಬತ್ತು ವರ್ಷದ ಕೆಲಸವನ್ನು ತೀರ್ಮಾನ ಮಾಡುತ್ತದೆ. ಒತ್ತದಿದ್ದರೆ ಆರು ಟ್ರ್ಯಾಕ್ಟರು ಅಲ್ಲೇ ನಿಂತಿರುತ್ತವೆ, ಅವಳು ಬಿಸಿಲಿನಲ್ಲಿ ಕೂತಿರುತ್ತಾಳೆ, ತಪ್ಪಿತಸ್ಥಳೂ ಅಲ್ಲದೆ ನಿರಪರಾಧಿಯೂ ಅಲ್ಲದೆ. ರಟ್ಟನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದರೆ ಮುಗಿಯಿತು, ಅವಳು ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ, ದೇವರ ಮೇಲೆ ಭಾರ. ಇದು ಎಷ್ಟು ಚೆನ್ನಾಗಿದೆಯೆಂದರೆ ಅವನ ಕೈ ಆಗಲೇ ಮೇಜಿನ ಅಂಚಿಗೆ ಹೋಗಿತ್ತು. ಒಲೆ ತಾನಾಗೇ ಜೋರಾಯಿತು, ಹೂವು ತಾನಾಗೇ ಬಲಕ್ಕೆ ಬಿತ್ತು. ತನ್ನ ಕೈಯನ್ನು ನೋಡಿ ಅವನಿಗೆ ಅಸಹ್ಯವಾಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

‘ತಪ್ಪು ನಂದು’ ಎಂದ.

‘ಶ್’ ಎಂದ ಹಾಲೇಶ್.

‘ನಾನೇ ಬೆಳಿಗ್ಗೆ ಮನೆಯಿಂದ ಮಾಡಿದ್ದು. ಎಲ್ಲರನ್ನೂ ಹೊರಗಿಡೋ ನಿಯಮ ಹಾಕಿಬಿಟ್ಟೆ. ಒದ್ದೆಬಟ್ಟೆಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ನೋಡಿ, ನನ್ನ ಹೆಸರು, ಟೈಮು.’

ಹಾಲೇಶ್ ಬಗ್ಗಿ ಪರದೆಯನ್ನು ನೋಡಿದ. ‘ನಿಮ್ಮ ಹೆಸರು ಎಲ್ಲಾ ಕಡೆನೂ ಇರ್ತದಲ್ಲ ಸಾರ್.’ ಚನ್ನಮಲ್ಲಯ್ಯನವರು ಬೇಸರದಿಂದ, ಆದರೆ ಮೆತ್ತಗೆ, ಅವನ ಭುಜ ಮುಟ್ಟಿದರು. ‘ನಿಮ್ಮದು ದೊಡ್ಡ ಮನಸ್ಸು ಸಾರ್. ಅವಳನ್ನ ಉಳಿಸೋಕೆ ಹೇಳ್ತಿದೀರಿ. ನಿಮ್ಮವರು ಅನ್ನೋ ಅಭಿಮಾನ, ತಪ್ಪಲ್ಲ. ಆದ್ರೆ ಹೂವು ಮೇಲಿರೋವಾಗ ನಡುವೆ ಬಾಯಿ ಹಾಕ್ಬಾರದು. ಕೇಳಿರೋದು ದೇವರನ್ನ, ನಿಮ್ಮನ್ನಲ್ಲ.’

ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದ್ದ, ಅದು ಸರದಿ ತಪ್ಪಿ ಬಂದಿತೆಂದು ತಿರಸ್ಕಾರವಾಗಿತ್ತು. ಇನ್ನೂ ಏನೇನೋ ವಿವರಿಸಲು ಹೊರಟ. ಮೊದಲು ಒಳಗೆ ಬಿಟ್ಟುಕೊಳ್ಳುವ ಸಾಲು, ಆಮೇಲೆ ಬಾಗಿಲು ಹಾಕುವ ಸಾಲು, ಕಾಣದ ದೇಶದ ಕಳ್ಳ. ಹೇಳುತ್ತಾ ಹೋದಷ್ಟೂ ಅವನಿಗೇ ಅದು ಕಟ್ಟುಕತೆಯ ಹಾಗೆ ಕೇಳತೊಡಗಿತು. ಒದ್ದೆಬಟ್ಟೆಯ ಕತೆಯೇ ಹೆಚ್ಚು ನಂಬುವ ಹಾಗಿತ್ತು.

‘ಅಂಗಾದ್ರೆ ಕೇಳೋ ಮಾತ್ನೇ ಬದ್ಲಾಯಿಸಿ ಬುದ್ಧಿ.’

ಬಾಗಿಲಲ್ಲಿ ಚಿಕ್ಕಹನುಮಕ್ಕ ನಿಂತಿದ್ದಳು. ಹೊಸಿಲಿನ ಆಚೆಗೇ, ಆದರೆ ಎದ್ದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

‘ಕೇಳಿ ಆಗೈತಲ್ಲಮ್ಮ’ ಎಂದರು ಚನ್ನಮಲ್ಲಯ್ಯ.

‘ಅದಿನ್ನೂ ಕೊಟ್ಟಿಲ್ವಲ್ಲ. ಕೊಡೋವರ್ಗೂ ಬದ್ಲಾಯಿಸ್ಬೌದು. ನಮ್ಮೂರಲ್ಲಿ ಬದ್ಲಾಯಿಸ್ತಾರೆ.’ ಅವರು ತಲೆಯಾಡಿಸುವವರೆಗೂ ಕಾಯದೆ ಕಣ್ಣು ಮುಚ್ಚಿ ಕೈಮುಗಿದಳು. ‘ಈ ಸಾಮಿ ಯೋಳ್ತಿರಾದು ದಿಟ ಆದ್ರೆ ಬಲಕ್ಕೆ ಕೊಡಪ್ಪ. ಸುಳ್ಳಾದ್ರೆ ಎಡಕ್ಕೆ ಕೊಡು, ನಾನೇ ಎಬ್ಬೆಟ್ಟು ಒತ್ಬುಟ್ಟು ಓಯ್ತೀನಿ.’

ನರಸಿಂಹರಾಜು ರಟ್ಟನ್ನು ನೋಡಿದ. ಅದು ಈಗ ಅವನ ನಿಜವನ್ನು ಸುಳ್ಳು ಮಾಡಲು ಸಿದ್ಧವಾಗಿ ಕೂತಿತ್ತು. ತೆಗೆಯಬಹುದು, ನಿಜವನ್ನು ಗೆಲ್ಲಿಸಲು ತೆಗೆದರೆ ಮೋಸವಲ್ಲ ಎಂದು ಮನಸ್ಸು ವಾದ ಹೂಡಿತು. ಕೈ ಮತ್ತೆ ಹೊರಟಿತು. ‘ಸಾಮಿ, ಕೈ ಅತ್ಲಾಗೆ ಇಟ್ಕಳಿ’ ಎಂದಳು ಚಿಕ್ಕಹನುಮಕ್ಕ. ಅವಳು ಯಾವಾಗ ಕಣ್ಣು ತೆರೆದಳೋ. ಅವನು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಇನ್ನೊಂದು ಕೈಯಿಂದ ಎಂಟರ್ ಒತ್ತಿದ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಫ್ಯಾನು ಉಸಿರೆಳೆದುಕೊಂಡು ಕೂಗತೊಡಗಿತು. ಹೂವಿನ ದಳಗಳು ನಡುಗಿದವು. ಅದು ಜಾಲರಿಯ ಮೇಲೆ ಮೆಲ್ಲಗೆ, ಅವನು ಹೆದರಿದಂತೆಯೇ, ಗೋಡೆಯ ಕಡೆಗೆ ಸರಿಯಿತು. ಒಂದು ಬೆರಳು, ಎರಡು ಬೆರಳು. ತಾನು ಅಪರಾಧಿಯೆಂದು ಸಾಬೀತಾಗಲಿ ಎಂದು ಅವನು ಪ್ರಾರ್ಥಿಸಿದ, ಯಾರನ್ನು ಪ್ರಾರ್ಥಿಸುತ್ತಿದ್ದೇನೆಂದು ಗೊತ್ತಿಲ್ಲದೆ, ಬಹುಶಃ ಆ ಪೆಟ್ಟಿಗೆಯನ್ನೇ. ಅಷ್ಟರಲ್ಲಿ ಪಕ್ಕದ ಪ್ರಿಂಟರು ಎದ್ದಿತು. ಕರ್‌ಕರ್ ಎಂದು ಮೊದಲ ಚೀಟಿ: ದೊಡ್ಡಹನುಮಯ್ಯ, ಹನ್ನೆರಡು ಮೂಟೆ. ಎರಡನೆಯ ಚೀಟಿ: ದೊಡ್ಡಹನುಮಯ್ಯ, ಹನ್ನೆರಡು ಮೂಟೆ. ಮೂರನೆಯದೂ ಅದೇ. ಬೆಳಗಿನಿಂದ ಒತ್ತಿದ್ದೆಲ್ಲ ದೊಡ್ಡಹನುಮಯ್ಯನದೇ. ಪ್ರಿಂಟರಿನ ತಲೆ ಅತ್ತಿತ್ತ ಬಡಿದಂತೆಲ್ಲ ಮೇಜು ಕುಣಿಯಿತು, ಮೇಜು ಕುಣಿದಂತೆ ಪೆಟ್ಟಿಗೆ ಕುಣಿಯಿತು. ಹತ್ತನೆಯದೋ ಹನ್ನೊಂದನೆಯದೋ ದೊಡ್ಡಹನುಮಯ್ಯನ ಹೊತ್ತಿಗೆ ಕಾಲಿನ ಕೆಳಗಿನ ರಟ್ಟು ಜಾರಿ ನೆಲಕ್ಕೆ ಬಿತ್ತು, ಪೆಟ್ಟಿಗೆ ದಡಕ್ಕನೆ ಕೂತಿತು, ಕಣಗಿಲೆ ಚಿಮ್ಮಿ ಕಿಟಕಿಯ ಕಡೆಗೆ ಬಿತ್ತು.

ಚನ್ನಮಲ್ಲಯ್ಯನವರು ಪತ್ರವನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡರು, ಶಾಯಿಯ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ನರಸಿಂಹರಾಜುವಿನ ಕಡೆ ನೋಡಿದರು. ಆ ನೋಟದಲ್ಲಿ ಹನ್ನೊಂದು ವರ್ಷದ ‘ಸಾರ್’ ಇರಲಿಲ್ಲ. ಅವನನ್ನು ನಂಬಿದ್ದರು. ನಂಬಿಸಬೇಕೆಂದು ಇಷ್ಟೊತ್ತು ಒದ್ದಾಡಿದವನಿಗೆ, ನಂಬಿದ ಮೇಲೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಬಾಯಿಯ ತುದಿಗೆ ಹಳೆಯ ಎರಡು ಪದಗಳು ಬಂದವು, ಅವನ್ನು ನುಂಗಿಕೊಂಡ. ಫೋನು ತೆಗೆದು, ದೂರಿನ ಪುಸ್ತಕ ಬಿಚ್ಚಿ, ಕಾರಣದ ಖಾನೆಯಲ್ಲಿದ್ದುದನ್ನು ಅಳಿಸಿ, ತನ್ನ ಹೆಸರು ಬರೆದ. ಅದು ಮುಂದಕ್ಕೆ ಹೋಯಿತು.

ಚಿಕ್ಕಹನುಮಕ್ಕ ಹೊಸಿಲು ದಾಟಿ ಒಳಗೆ ಬಂದಳು. ಹೂವನ್ನು ಎತ್ತಿಕೊಂಡು ಕಣ್ಣಿಗೊತ್ತಿ ತುರುಬಿಗೆ ಸಿಕ್ಕಿಸಿದಳು. ಪ್ರಿಂಟರು ಇನ್ನೂ ದೊಡ್ಡಹನುಮಯ್ಯನನ್ನು ಉಗುಳುತ್ತಲೇ ಇತ್ತು, ಚೀಟಿಗಳು ಮೇಜಿನಿಂದ ಇಳಿದು ನೆಲದ ಮೇಲೆ ಹರಿಯುತ್ತಿದ್ದವು. ಅವಳು ಅವನ ಕುರ್ಚಿಯ ಮುಂದೆ ನಿಂತಳು. ಬಿಸಿಲಿಗೆ ಅವಳ ಮುಖ ಕಪ್ಪಿಟ್ಟಿತ್ತು, ತುಟಿ ಒಣಗಿತ್ತು.

‘ಒಂಬತ್ತು ಗಂಟೆಯಿಂದ ಬಿಸ್ಲಾಗೆ ಕುಂತಿವ್ನಿ. ಒಂದ್ ಮಾತ್ನ ಪೋನಲ್ಲೇ ಯೋಳಾಕಾಯ್ತಿರ್ಲಿಲ್ವಾ ನಿಮ್ಗೆ?’

ಅವನು ಬಾಯಿ ತೆರೆದ. ಗುತ್ತಿಗೆ, ನವೀಕರಣ, ಬಸ್ಸು, ಅವ್ವ, ಎಲ್ಲ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು.

‘ಹಾಲು ಉಕ್ತಾ ಇತ್ತು ಕಣಮ್ಮ’ ಎಂದ.

‘ಸಣ್ಣುರಿ ಮಾಡ್ಕಬೇಕಿತ್ತು’ ಎಂದು ಹೇಳಿ, ನೆಲದ ಮೇಲಿನ ಚೀಟಿಗಳನ್ನು ಗುಡಿಸಲು ಪೊರಕೆ ತರಲು ಹೋದಳು.